ಅನ್‌ಲೋಡರ್ ಮಂಡಿ ಬ್ರೇಸ್: ವರ್ಷಗಟ್ಟಲೆ ಬಳಸಿದ ಮೇಲೆ

ಮಂಡಿಯ ಒಳಬದಿಯ ಕಾರ್ಟಿಲೇಜ್ (ಮೂಳೆಗಳ ತುದಿಯನ್ನು ಮುಚ್ಚುವ ನಯವಾದ ಮೆತ್ತೆ) ಸವೆದಿದೆ ಎಂದು ತಿಳಿದವರೆಲ್ಲ ಮೊದಲು ಕೇಳುವುದು, ಅದು ಮತ್ತೆ ಬೆಳೆಯುತ್ತದೆಯೇ ಎಂದು. ಈ ಬ್ರೇಸ್ ಅದನ್ನು ಬೆಳೆಸುವುದಿಲ್ಲ. ಆದರೂ ಇದನ್ನು ಕಟ್ಟಿಕೊಂಡೇ ಇಷ್ಟು ಕಾಲ ಓಡಾಡಿದ ನಾನು ಧೈರ್ಯವಾಗಿ ಒಳ್ಳೆಯದೆನ್ನುತ್ತೇನೆ, ಸರಿಯಾದ ಮಂಡಿಗೆ ಮಾತ್ರ.

ಇದು ಸಾದಾ ನೀ ಕ್ಯಾಪ್ ಅಲ್ಲ. ತೊಡೆಗೊಂದು, ಮೀನಖಂಡಕ್ಕೊಂದು ಗಟ್ಟಿ ಚೌಕಟ್ಟು, ಪಕ್ಕದಲ್ಲಿ ಕೀಲು, ಅಡ್ಡಕ್ಕೆ ಎಳೆದು ಬಿಗಿಯುವ ಪಟ್ಟಿಗಳು. ಮೂರು ಕಡೆ ಒತ್ತಿ, ಸವೆದ ಬದಿಯ ಭಾರವನ್ನು ಸ್ವಲ್ಪ ಇನ್ನೊಂದು ಬದಿಗೆ ಸರಿಸುತ್ತದೆ. ಎರಡೂ ಬದಿ ಸವೆದಿದ್ದರೆ ಭಾರ ಸರಿಸಲು ಜಾಗವೇ ಇಲ್ಲ. ನೋವು ಮಂಡಿಚಿಪ್ಪಿನ ಹಿಂದಿದ್ದರೂ ಇದು ಆಗಿಬರುವುದಿಲ್ಲ. ನಿಂತು ತೆಗೆಸಿದ ಎಕ್ಸ್‌ರೇ ವೈದ್ಯರಿಗೆ ತೋರಿಸಿಯೇ ನಿರ್ಧರಿಸಿ. ಮಲಗಿದಾಗ ಮೂಳೆಗಳ ನಡುವಿನ ಸವೆತ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ನನಗೆ ದೊಡ್ಡ ಲಾಭ ಸಿಕ್ಕಿದ್ದು ಇಳಿಜಾರಿನಲ್ಲಿ, ದೂರದ ನಡಿಗೆಯಲ್ಲಿ. ಕುಳಿತಾಗ ಪಟ್ಟಿ ಸಡಿಲಿಸದಿದ್ದರೆ ತೊಡೆ ಕೆಂಪಾಗುತ್ತದೆ. ಬೆವರಿದರೆ ಕೆಳಗೆ ಜಾರುತ್ತದೆ, ಜಾರಿದ ಬ್ರೇಸ್‌ನ ಕೀಲು ಮಂಡಿಯ ಕೀಲಿನ ನೇರಕ್ಕೆ ಇರದೆ ಕೆಲಸವನ್ನೇ ಮಾಡುವುದಿಲ್ಲ. ಚೌಕಟ್ಟು ಇನ್ನೂ ಗಟ್ಟಿಯಾಗಿದೆ. ಸೋತದ್ದು ವೆಲ್ಕ್ರೊ ಮತ್ತು ಒಳಗಿನ ಸ್ಪಂಜು. ಇವೆರಡೂ ಬಿಡಿಯಾಗಿ ಸಿಗುವ ಮಾದರಿಯನ್ನೇ ಆರಿಸಿ.

ಬೇರೆ ದಾರಿಗಳನ್ನೂ ವಿಚಾರಿಸಿದ್ದೇನೆ. ಗ್ಲುಕೋಸಮೈನ್ ಮಾತ್ರೆ ಬೇಡವೆನಿಸಿತು: 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಒಟ್ಟಾರೆ ಅದು ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವು ತಗ್ಗಿಸಬಹುದು. ಆದರೆ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಕೊಟ್ಟು ನೋಡಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾರ್ಟಿಲೇಜ್ ಇನ್ನಷ್ಟು ತೆಳುವಾಗಿತ್ತು. ಮೂಳೆಗೆ ಸಣ್ಣ ರಂಧ್ರ ಕೊರೆಯುವ ಮೈಕ್ರೋಫ್ರಾಕ್ಚರ್‌ನಲ್ಲಿ ತುಂಬಿಕೊಳ್ಳುವುದು ಮೂಲದಷ್ಟು ಗಟ್ಟಿಯಲ್ಲದ ನಾರಿನ ಕಾರ್ಟಿಲೇಜ್. ಸ್ವೀಡನ್ನಿನ ವೈದ್ಯರು 1994ರಲ್ಲಿ ವರದಿ ಮಾಡಿದ, ನಮ್ಮದೇ ಜೀವಕೋಶ ಬೆಳೆಸಿ ಕೂರಿಸುವ ವಿಧಾನ ಮುಖ್ಯವಾಗಿ ಪೆಟ್ಟಿನಿಂದಾದ, ಸುತ್ತಲೂ ಆರೋಗ್ಯವಿರುವ ಗಾಯಕ್ಕೆ; ನನ್ನಂತೆ ಹರಡಿದ ಸವೆತಕ್ಕಲ್ಲ.

ಬ್ರೇಸ್ ಜೊತೆಗೆ ತೊಡೆಯ ಸ್ನಾಯುವಿನ ವ್ಯಾಯಾಮ ಬಿಡಬೇಡಿ. ಕಾರ್ಟಿಲೇಜ್‌ಗೆ ರಕ್ತನಾಳವಿಲ್ಲ, ಕೀಲು ಆಡಿದಾಗ ಒಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ. ತೂಕ ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ.

ಕೊಳ್ಳುವ ಮುನ್ನ ಕಟ್ಟಿಕೊಂಡು ಮೆಟ್ಟಿಲು ಹತ್ತಿಳಿಯಲು ಬಿಡುವವರ ಬಳಿಯೇ ಅಳತೆ ಕೊಡಿ.