12 ವರ್ಷ ಬಳಸಿದ ದೀನಬಂಧು ಗೊಬ್ಬರ ಗ್ಯಾಸ್: ಹಾಕಿದ ಶಕ್ತಿ ಎಷ್ಟು, ಮರಳಿ ಬಂದದ್ದು ಎಷ್ಟು

ಶಿರಸಿ ಸಮೀಪದ ನಮ್ಮ ಮನೆಯ ಕೊಟ್ಟಿಗೆಯ ಪಕ್ಕದಲ್ಲಿ ದಿನಕ್ಕೆ 2 ಘನ ಮೀಟರ್ ಅನಿಲ ಕೊಡುವ ಸಾಮರ್ಥ್ಯದ, ಇಟ್ಟಿಗೆ ಗುಮ್ಮಟದ ದೀನಬಂಧು ಮಾದರಿಯ ಗೊಬ್ಬರ ಗ್ಯಾಸ್ ಘಟಕ ಕಟ್ಟಿಸಿ 12 ವರ್ಷಗಳಾದವು. ಸಿಲಿಂಡರಿನ ಹಣ ಎಷ್ಟು ಉಳಿಯಿತೆಂದು ನೆಂಟರಿಷ್ಟರು ಕೇಳುತ್ತಲೇ ಇರುತ್ತಾರೆ. ನಾನು ಇಲ್ಲಿ ಬರೆಯುತ್ತಿರುವುದು ಶಕ್ತಿಯ ಜಮಾಖರ್ಚನ್ನು.

ಕಟ್ಟುವಾಗ 16 ಚೀಲ ಸಿಮೆಂಟು, ಸುಮಾರು 1,000 ಸುಟ್ಟ ಇಟ್ಟಿಗೆ ಹಿಡಿದವು. ಒಂದು ಕಿಲೋ ಸಿಮೆಂಟು ತಯಾರಿಸಲು 4ರಿಂದ 5 ಮೆಗಾಜೂಲ್ (ಶಕ್ತಿಯ ಅಳತೆ), ಒಂದು ಇಟ್ಟಿಗೆಗೆ ಸುಮಾರು 4 ಮೆಗಾಜೂಲ್ ಇಂಧನ ಖರ್ಚಾಗಿದೆಯೆಂದು ಹಿಡಿದು, ಪೈಪು, ಒಲೆ, ಮರಳಿನ ಸಾಗಣೆಯನ್ನೂ ಅಂದಾಜಿನಲ್ಲಿ ಸೇರಿಸಿದಾಗ ಒಟ್ಟು 9,000 ಮೆಗಾಜೂಲಿನ ಹತ್ತಿರ ಬರುತ್ತದೆ. ನಾವು ದಿನಕ್ಕೆ ಸರಾಸರಿ ಒಂದು ಘನ ಮೀಟರ್ ಅನಿಲ ಉರಿಸಿದ್ದೇವೆ, ಅದರಲ್ಲಿರುವ ಶಾಖ ಸುಮಾರು 20 ಮೆಗಾಜೂಲ್. ಹಾಗಾಗಿ ಕಟ್ಟಲು ಹಿಡಿದ ಈ ಶಕ್ತಿಯ ಸಾಲ ಒಂದೂಕಾಲು ವರ್ಷದಲ್ಲಿ ತೀರಿದೆ. ಪಾತ್ರೆಗೆ ತಲುಪುವುದು ಅರ್ಧದಷ್ಟೇ ಶಾಖವೆಂದು ಬಿಗಿಯಾಗಿ ಲೆಕ್ಕ ಹಾಕಿದರೂ ಎರಡೂವರೆ ವರ್ಷ ಸಾಕು.

ಈ ಲೆಕ್ಕದಲ್ಲಿ ಸಗಣಿಯನ್ನು ಪುಕ್ಕಟೆಯೆಂದು ಎಣಿಸಿದ್ದೇನೆ. ಆಕಳುಗಳನ್ನು ಸಾಕಿದ್ದು ಹಾಲಿಗಾಗಿಯಾದ್ದರಿಂದ ಹಿಂಡಿ, ಹುಲ್ಲಿನ ಶಕ್ತಿಯನ್ನು ಹಾಲಿನ ಬಾಬತ್ತಿಗೆ ಸೇರಿಸುವುದೇ ನ್ಯಾಯವೆಂದು ನನ್ನ ಅಭಿಪ್ರಾಯ. ಆದರೆ ಆ ಆಕಳುಗಳ ಮೇಲೆಯೇ ಎಲ್ಲವೂ ನಿಂತಿದೆ. ಒಂದು ಕಿಲೋ ಸಗಣಿಗೆ ಬರುವುದು ಸುಮಾರು 40 ಲೀಟರ್ ಅನಿಲ. ನಾಲ್ಕು ರಾಸುಗಳಿದ್ದಾಗ ದಿನಕ್ಕೆ 40 ಕಿಲೋ ಸಗಣಿ ಸಿಗುತ್ತಿತ್ತು, ಎರಡಕ್ಕೆ ಇಳಿದ ಮೇಲೆ 20 ಕಿಲೋ ಆಗುವುದೂ ಕಷ್ಟ. ಮಳೆಗಾಲದ ತಂಪಿಗೆ ಅನಿಲ ಇನ್ನಷ್ಟು ಕುಗ್ಗುವುದರಿಂದ ಆಷಾಢ, ಶ್ರಾವಣದಲ್ಲಿ ಕಟ್ಟಿಗೆ ಒಲೆ ಹಚ್ಚುವುದು ತಪ್ಪಿಲ್ಲ.

ಏಳನೆಯ ವರ್ಷದಲ್ಲಿ ರಾತ್ರಿ ಕಳೆಯುವುದರೊಳಗೆ ಒತ್ತಡ ಇಳಿಯತೊಡಗಿತು. ಸಾಬೂನು ನೀರು ಹಚ್ಚಿದಾಗ ಗುಮ್ಮಟದ ಮೇಲಿನ ಪೈಪಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಕಟ್ಟಿದವರು ಗಾರೆಗೆ ಸಾಕಷ್ಟು ದಿನ ನೀರುಣಿಸಿರಲಿಲ್ಲ. ಘಟಕ ಖಾಲಿ ಮಾಡಿ, ಒಳಗೆ ಗಾಳಿಯಾಡಲು ಬಿಟ್ಟು, ಬಿರುಕು ಮುಚ್ಚಿಸಿ, ಮತ್ತೆ ತುಂಬಿ ಅನಿಲ ಬರುವಷ್ಟರಲ್ಲಿ ಎರಡು ತಿಂಗಳು ಕಳೆದವು. ನನಗೆ ಹೆಚ್ಚು ಬೇಸರವಾದದ್ದು ಸೋರಿಹೋದ ಅನಿಲಕ್ಕೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. 100 ವರ್ಷಗಳ ಅವಧಿಯ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಸೋರುವ ಘಟಕವನ್ನು ಹಸಿರು ಇಂಧನವೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಅಂದಿನಿಂದ ಪ್ರತಿ ತಿಂಗಳೂ ಸಾಬೂನು ನೀರಿನ ಪರೀಕ್ಷೆ ಮಾಡುತ್ತೇನೆ.

ಹೊರಬರುವ ಬಗ್ಗಡ ಅಡಿಕೆ ತೋಟಕ್ಕೆ ಹೋಗುತ್ತದೆ. ಸಗಣಿಯ ಸಾರಜನಕ ಅದರಲ್ಲಿ ಬಹುಪಾಲು ಉಳಿದಿರುವುದರಿಂದ ಯೂರಿಯಾ ತರುವುದನ್ನು ನಿಲ್ಲಿಸಿದ್ದೇವೆ; ಆ ಉಳಿತಾಯವನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ.

ಎರಡೇ ರಾಸುಗಳಿರುವವರು 1 ಘನ ಮೀಟರಿನ ಘಟಕವನ್ನೇ ಕಟ್ಟಿಸಲಿ. ದೊಡ್ಡದನ್ನು ಕಟ್ಟಿಸಿ ಅರ್ಧ ಹೊಟ್ಟೆಯಲ್ಲಿ ಇಟ್ಟರೆ ಸಿಮೆಂಟು, ಇಟ್ಟಿಗೆಗಳ ಶಕ್ತಿಯ ಸಾಲ ತೀರುವುದಕ್ಕೆ ಅಷ್ಟೇ ಹೆಚ್ಚು ವರ್ಷ ಹಿಡಿಯುತ್ತದೆ.