ಜೋಡಿಸಿಕೊಳ್ಳುವ ಮರದ ಕೋಳಿಗೂಡು: ಸಿಲ್ಕಿ ಕೋಳಿಗೆ ಆಗುತ್ತಾ?

ಕೋಳಿಗೂಡು ಅಂತ ಆನ್‌ಲೈನ್‌ನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಒಂದೇ ನಮೂನೆಯ ಮಾಲು. ಚಪ್ಪಟೆ ಡಬ್ಬದಲ್ಲಿ ಬಿಡಿಬಿಡಿಯಾಗಿ ಬರುತ್ತದೆ, ನಾವೇ ಸ್ಕ್ರೂ ಹಾಕಿ ಜೋಡಿಸಿಕೊಳ್ಳಬೇಕು. ಮೇಲೆ ಮಲಗುವ ಕೋಣೆ, ಕೆಳಗೆ ಜಾಲರಿ ಬಿಗಿದ ಓಡಾಟದ ಜಾಗ, ಎರಡರ ನಡುವೆ ಏಣಿಯಂಥ ಒಂದು ಹಲಗೆ, ಪಕ್ಕದಲ್ಲಿ ಮೊಟ್ಟೆ ಪೆಟ್ಟಿಗೆ, ಎಳೆದು ತೆಗೆಯುವ ಟ್ರೇ. ಬ್ರ್ಯಾಂಡ್ ಹೆಸರು ಹತ್ತಾರು, ಒಳಗಿರುವ ಮಾಲು ಹೆಚ್ಚುಕಮ್ಮಿ ಒಂದೇ. ನಾನು ಕೊಂಡಿದ್ದೂ ಅದೇ ನಮೂನೆಯದ್ದು. ಅದರಲ್ಲಿ ಸಿಲ್ಕಿ ಅನ್ನುವ, ತುಪ್ಪಳದಂಥ ಗರಿಯ ಜಾತಿಯ ಕೋಳಿ ಸಾಕುತ್ತಿದ್ದೇನೆ, ಆದ್ದರಿಂದ ಈ ವಿಮರ್ಶೆ ಹೊಸದಾಗಿ ಸಿಲ್ಕಿ ತರಬೇಕು ಅಂತಿರುವವರಿಗೆ. ಬೇರೆ ಜಾತಿಯ ಕೋಳಿ ಸಾಕುವವರಿಗೆ ಇದರಲ್ಲಿ ಅರ್ಧ ಮಾತು ಬೇಕಾಗುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಗೂಡು ಕೆಟ್ಟದ್ದಲ್ಲ. ಆದರೆ ಇದನ್ನು ಮಾಡಿರುವುದು ಹಾರಿ ಮೇಲೆ ಕೂರುವ ಕೋಳಿಗೆ, ಸಿಲ್ಕಿ ಹಾಗೆ ಹಾರುವ ಕೋಳಿಯೇ ಅಲ್ಲ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ, ಅದೂ ಒಂದಿಷ್ಟು ಬದಲಾವಣೆ ಮಾಡಿಕೊಂಡ ಮೇಲೆ. ಡಬ್ಬದಿಂದ ತೆಗೆದ ಹಾಗೇ ಆದರೆ ಎರಡು.

ಯಾಕೆ ಹಾರುವುದಿಲ್ಲ ಅಂದರೆ ಅದರ ಗರಿ ನೋಡಬೇಕು. ಮಾಮೂಲಿ ಕೋಳಿಯ ಗರಿಯಲ್ಲಿ ಎಳೆಗಳು ಸಣ್ಣ ಸಣ್ಣ ಕೊಕ್ಕೆಗಳಿಂದ ಒಂದಕ್ಕೊಂದು ಸಿಕ್ಕಿಕೊಂಡು ಹಾಳೆಯಂತೆ ನಿಲ್ಲುತ್ತವೆ. ಸಿಲ್ಕಿಗೆ ಆ ಕೊಕ್ಕೆಗಳೇ ಇಲ್ಲ. ಎಳೆಗಳೆಲ್ಲ ಬಿಟ್ಟುಕೊಂಡು ಮೈತುಂಬ ತುಪ್ಪಳದಂತೆ ಕಾಣುತ್ತವೆ. 13ನೇ ಶತಮಾನದಲ್ಲಿ ಚೀನಾ ಸುತ್ತಿದ ಮಾರ್ಕೊ ಪೋಲೊ ಕೂಡ ಬೆಕ್ಕಿನಂಥ ಕೂದಲಿರುವ ಕರಿ ಕೋಳಿಗಳ ಬಗ್ಗೆ ಬರೆದಿದ್ದಾನೆ, ಅವು ಸಿಲ್ಕಿಗಳೇ ಅಂತ ತುಂಬಾ ಜನ ನಂಬುತ್ತಾರೆ. ಆ ಗರಿಯಿಂದ ಗಾಳಿ ತಡೆಯುವುದಕ್ಕೆ ಆಗುವುದಿಲ್ಲ, ನೀರು ತಡೆಯುವುದಕ್ಕೂ ಆಗುವುದಿಲ್ಲ. ಈ ಗೂಡಿನ ಜೊತೆ ನನಗಿರುವ ತಕರಾರು ಬಹುಪಾಲು ಇಲ್ಲಿಂದಲೇ ಶುರು.

ಏಣಿ ಹಲಗೆಯಿಂದ ಶುರು ಮಾಡೋಣ. ಕಡಿದಾಗಿದೆ, ಅಡ್ಡಪಟ್ಟಿಗಳು ದೂರ ದೂರ ಇವೆ. ಬೇರೆ ಕೋಳಿ ಒಂದೆರಡು ಹೆಜ್ಜೆ ಇಟ್ಟು ರೆಕ್ಕೆ ಬಡಿದು ಮೇಲೆ ಹೋಗಿಬಿಡುತ್ತದೆ. ಸಿಲ್ಕಿಗೆ ಕಾಲಿನ ಮೇಲೂ ಗರಿ, ಬೆರಳು ಬೇರೆ ಐದು, ಮೇಲಿಂದ ಜುಟ್ಟು ಕಣ್ಣಿಗೆ ಇಳಿಬಿದ್ದಿರುತ್ತದೆ. ಸಂಜೆಯಾದರೆ ಎಲ್ಲವೂ ಹಲಗೆಯ ಬುಡದಲ್ಲಿ ಸೇರಿಕೊಂಡು, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ, ಅಲ್ಲೇ ನೆಲದ ಮೇಲೆ ಮಲಗುತ್ತವೆ. ಸೋಮಾರಿತನ ಅಲ್ಲ ಅದು, ಸಿಲ್ಕಿಗಳ ಸ್ವಭಾವವೇ ಹಾಗೆ. ಮೇಲಿನ ಕೋಣೆಯೊಳಗಿರುವ ಅಡ್ಡಕೋಲನ್ನಂತೂ ತಿರುಗಿಯೂ ನೋಡುವುದಿಲ್ಲ. ದಿನಾ ರಾತ್ರಿ ಒಂದೊಂದನ್ನೇ ಎತ್ತಿ ಮೇಲೆ ಬಿಟ್ಟರೆ ಕೆಲವು ಕಲಿಯುತ್ತವೆ, ಕೆಲವು ಕಲಿಯುವುದೇ ಇಲ್ಲ.

ಇದಕ್ಕೆ ಎರಡು ದಾರಿ. ಹಲಗೆಯನ್ನು ಉದ್ದ ಮಾಡಿ ಇಳಿಜಾರು ಕಡಿಮೆ ಮಾಡಿ, ಹತ್ತಿರ ಹತ್ತಿರಕ್ಕೆ ಪಟ್ಟಿ ಹೊಡೆಯುವುದು ಒಂದು. ಇನ್ನೊಂದು, ಮತ್ತು ನನಗೆ ಸರಿ ಅನ್ನಿಸಿದ್ದು, ಮೇಲಿನ ಕೋಣೆಯ ಆಸೆಯನ್ನೇ ಬಿಟ್ಟು ಕೆಳಗಿನ ಜಾಗದ ಒಂದು ಮೂಲೆಯನ್ನು ಹಲಗೆಯಿಂದ ಮುಚ್ಚಿ, ನೆಲದಿಂದ ಒಂದಿಷ್ಟು ಎತ್ತರಿಸಿ, ಒಣ ಮರದ ಸಿಪ್ಪೆ ಹಾಸಿ ಮಲಗುವ ಜಾಗ ಮಾಡುವುದು. ಕೋಲು ಬೇಕೇಬೇಕು ಅನ್ನಿಸಿದರೆ ನೆಲದಿಂದ 15ರಿಂದ 30 ಸೆಂಟಿಮೀಟರ್ ಎತ್ತರ ಸಾಕು. ಕೋಲು ದುಂಡಗಿರುವುದಕ್ಕಿಂತ ಅಗಲವಾಗಿ, ಚಪ್ಪಟೆಯಾಗಿದ್ದರೆ ಒಳ್ಳೆಯದು. ಮೇಲಿನ ಕೋಣೆ ಈಗ ನನಗೆ ಮೇವಿನ ಚೀಲ ಇಡುವ ಜಾಗ, ಆ ಕೆಲಸಕ್ಕೆ ಮಾತ್ರ ಚೆನ್ನಾಗಿದೆ.

ಚಾವಣಿ ವಿಷಯ. ಕೋಣೆಯ ಮೇಲೆ ಮಾತ್ರ ಚಾವಣಿ, ಓಡಾಟದ ಜಾಗದ ಮೇಲೆ ಬರೀ ಜಾಲರಿ. ಮಾಮೂಲಿ ಕೋಳಿ ಮಳೆಯಲ್ಲಿ ನೆನೆದರೆ ಮೈ ಕೊಡವಿಕೊಂಡು ಹೋಗುತ್ತದೆ. ಸಿಲ್ಕಿ ನೆನೆದರೆ ಚರ್ಮದ ತನಕ ಒದ್ದೆ, ಮೈ ತಣ್ಣಗಾಗಿ ನಡುಗುತ್ತಾ ನಿಲ್ಲುತ್ತದೆ. ತಮಾಷೆ ಅಂದರೆ ಮಳೆ ಬಂದಾಗ ಒಳಗೆ ಹೋಗಬೇಕು ಅನ್ನುವ ಬುದ್ಧಿಯೂ ಕೆಲವಕ್ಕೆ ಇರುವುದಿಲ್ಲ, ಸುಮ್ನೆ ನಿಂತುಬಿಡುತ್ತವೆ. ಟವಲ್‌ನಲ್ಲಿ ಒರೆಸಿ, ಹೇರ್ ಡ್ರೈಯರ್ ಸಣ್ಣ ಬಿಸಿಯಲ್ಲಿಟ್ಟು ಒಣಗಿಸಬೇಕಾಗುತ್ತದೆ. ಕೆಸರಾದರೆ ಇನ್ನೊಂದು ಕಾಟ. ಕಾಲಿನ ಗರಿಗೆ ಮಣ್ಣು ಮತ್ತು ಹಿಕ್ಕೆ ಮೆತ್ತಿ ಉಂಡೆ ಕಟ್ಟಿ ಬೆರಳನ್ನೇ ಬಿಗಿಯುತ್ತದೆ. ಪೂರ್ತಿ ಜಾಗದ ಮೇಲೆ ಪಾರದರ್ಶಕ ಶೀಟ್ ಹಾಕಿಸಿ, ಅಂಚು ಎಲ್ಲ ಕಡೆ ಸ್ವಲ್ಪ ಹೊರಗೆ ಚಾಚಿರಲಿ. ಇದು ಇದ್ದರೂ ಆಯಿತು ಇಲ್ಲದಿದ್ದರೂ ಆಯಿತು ಅನ್ನುವ ಬದಲಾವಣೆ ಅಲ್ಲ. ಆದರೆ ಮಳೆ ತಡೆಯುವ ಭರದಲ್ಲಿ ನಾಲ್ಕೂ ಕಡೆ ಪ್ಲಾಸ್ಟಿಕ್ ಸುತ್ತಬೇಡಿ. ಕೋಳಿಗಳ ತಲೆಗಿಂತ ಎತ್ತರದಲ್ಲಿ ಗಾಳಿ ಆಡಬೇಕು, ಇಲ್ಲದಿದ್ದರೆ ಹಿಕ್ಕೆಯ ಅಮೋನಿಯ ವಾಸನೆ ಒಳಗೇ ಉಳಿದು ಉಸಿರಾಟಕ್ಕೆ ತೊಂದರೆ.

"ಆರು ಕೋಳಿಗೆ ಸಾಕು" ಅಂತ ಡಬ್ಬದ ಮೇಲೆ ಬರೆದಿತ್ತು. ಯಾವ ಲೆಕ್ಕವೋ ಗೊತ್ತಿಲ್ಲ. ಸಾಮಾನ್ಯವಾಗಿ ಹೇಳುವುದು ದೊಡ್ಡ ಕೋಳಿಗೆ ಗೂಡಿನೊಳಗೆ ತಲಾ 4 ಚದರ ಅಡಿ, ಗಿಡ್ಡ ಜಾತಿಗೆ 2 ಚದರ ಅಡಿ, ಹೊರಗಿನ ಓಡಾಟದ ಜಾಗ ಬೇರೆ. ಸಿಲ್ಕಿ ನೋಡಲು ದಪ್ಪ, ಎತ್ತಿದರೆ ಹಗುರ. ಅಮೆರಿಕದ ತಳಿ ಮಾನದಂಡದ ಪ್ರಕಾರ ಸಿಲ್ಕಿ ಹೇಂಟೆ ಒಂದು ಕಿಲೋಗೂ ಕಡಿಮೆ, ಬ್ರಿಟನ್ನಿನ ದೊಡ್ಡ ಸಿಲ್ಕಿ ಅದಕ್ಕಿಂತ ಜಾಸ್ತಿ ತೂಗುತ್ತದೆ. ಹಾಗಿದ್ದರೂ ಈ ಗೂಡಿನಲ್ಲಿ ಮೂರು ಆರಾಮ, ನಾಲ್ಕಾದರೆ ಇಕ್ಕಟ್ಟು. ಜೊತೆಗೆ ಸಿಲ್ಕಿ ಮರಿಗಳಲ್ಲಿ ಗಂಡು ಯಾವುದು ಹೆಣ್ಣು ಯಾವುದು ಅಂತ ಬೇಗ ಗೊತ್ತಾಗುವುದಿಲ್ಲ. ಜುಟ್ಟು ದುಂಡಗೆ ನಿಂತರೆ ಹೆಣ್ಣು, ಹಿಂದಕ್ಕೆ ಎಳೆಎಳೆಯಾಗಿ ಬಾಗಿದರೆ ಗಂಡು ಅಂತ ಊಹಿಸುತ್ತಾರೆ, ಎಷ್ಟೋ ಸಲ ಅದು ಕೂಗುವವರೆಗೂ ಇಲ್ಲಾ ಮೊಟ್ಟೆ ಇಡುವವರೆಗೂ ಖಾತ್ರಿ ಇಲ್ಲ. ಎರಡು ಹುಂಜ ಹೊರಬಂದರೆ ಬೇರೆ ಇಡಲು ಈ ಗೂಡಿನಲ್ಲಿ ಅಡ್ಡಗೋಡೆಯೇ ಇಲ್ಲ. ಮರಿ ತರುವ ಮೊದಲೇ ಹೆಚ್ಚಿನ ಹುಂಜಗಳನ್ನು ಏನು ಮಾಡುತ್ತೀರಿ ಅಂತ ಯೋಚಿಸಿಕೊಳ್ಳಿ.

ಈಗ ಮೊಟ್ಟೆ ಪೆಟ್ಟಿಗೆ. ಇದೊಂದು ಭಾಗ ಮಾತ್ರ ನನಗೆ ನಿಜಕ್ಕೂ ಇಷ್ಟ. ಹೊರಗಿನಿಂದ ಮುಚ್ಚಳ ಎತ್ತಿ ಮೊಟ್ಟೆ ತೆಗೆಯಬಹುದು, ಬಗ್ಗಿ ಒಳಗೆ ಕೈ ಹಾಕಬೇಕಿಲ್ಲ. ಸಿಲ್ಕಿ ವಿಷಯದಲ್ಲಿ ಇದು ದೊಡ್ಡ ಅನುಕೂಲ, ಯಾಕಂದರೆ ಮೊಟ್ಟೆ ಅಲ್ಲೇ ಉಳಿದರೆ ಹೇಂಟೆ ಕಾವಿಗೆ ಕೂತೇಬಿಡುತ್ತದೆ. ವರ್ಷಕ್ಕೆ ನೂರು, ನೂರಿಪ್ಪತ್ತು ಮೊಟ್ಟೆ ಬಂದರೆ ಚೆನ್ನಾಗಿ ಇಟ್ಟಿತು ಅಂತ ಲೆಕ್ಕ. ಅವೂ ಸಣ್ಣವು, ಕೆನೆ ಬಣ್ಣದವು. ಉಳಿದ ಹೊತ್ತೆಲ್ಲ ಕಾವಿನದ್ದೇ ಧ್ಯಾನ. ಮೊಟ್ಟೆ ಇಲ್ಲದಿದ್ದರೂ ಖಾಲಿ ಪೆಟ್ಟಿಗೆಯಲ್ಲಿ ಕೂರುತ್ತವೆ. ಮುಚ್ಚಳ ಎತ್ತಿದರೆ ಮೈ ಉಬ್ಬಿಸಿಕೊಂಡು ಚಪ್ಪಟೆಯಾಗಿ ಅಂಟಿ ಕೂತಿರುವ ಹೇಂಟೆ, ಗಂಟಲಲ್ಲಿ ಗುರ್ ಅನ್ನುವ ಸದ್ದು, ಕೈ ಹತ್ತಿರ ಹೋದರೆ ಕುಕ್ಕು. ಎದೆಯ ಕೆಳಗೆ ಮುಟ್ಟಿದರೆ ಗರಿ ಉದುರಿ ಬರಿ ಚರ್ಮ, ಸುಡುವಷ್ಟು ಬಿಸಿ. ದಿನಕ್ಕೊಮ್ಮೆ ಎದ್ದು ಬಂದು ಗಬಗಬ ತಿಂದು, ನೀರು ಕುಡಿದು, ದೊಡ್ಡದೊಂದು ನಾರುವ ಹಿಕ್ಕೆ ಹಾಕಿ ವಾಪಸ್. ಮರಿ ಮಾಡಿಸಬೇಕು ಅಂದರೆ ಇದಕ್ಕಿಂತ ಒಳ್ಳೆಯ ಕೋಳಿ ಸಿಗುವುದು ಕಷ್ಟ, ಬಾತು, ಕೌಜುಗ ಮೊಟ್ಟೆಗಳನ್ನೂ ಇದರಡಿ ಇಟ್ಟು ಮರಿ ಮಾಡಿಸುತ್ತಾರೆ. ಮರಿ ಬೇಡವಾದರೆ ದಿನಾ ಎತ್ತಿ ಹೊರಗೆ ಬಿಡಿ, ಅದಕ್ಕೂ ಬಗ್ಗದಿದ್ದರೆ ಕೆಳಗೆ ಗಾಳಿಯಾಡುವ ಜಾಲರಿ ತಳದ ಪಂಜರದಲ್ಲಿ, ನೀರು ಮೇವು ಇಟ್ಟು, ಕೆಲವು ದಿನ ಇರಿಸಿದರೆ ಕಾವು ಇಳಿಯುತ್ತದೆ.

ಅದೇ ಮುಚ್ಚಳದಲ್ಲಿ ಒಂದು ಅಪಾಯವೂ ಇದೆ. ಅದನ್ನು ಎತ್ತಿ ನಿಲ್ಲಿಸಲು ಏನೂ ಕೊಟ್ಟಿಲ್ಲ, ಕೈ ಬಿಟ್ಟರೆ ಧಪ್ ಅಂತ ಬೀಳುತ್ತದೆ. ದೊಡ್ಡ ಜುಟ್ಟಿನ ಎಷ್ಟೋ ಸಿಲ್ಕಿಗಳ ತಲೆಬುರುಡೆಯಲ್ಲಿ, ಜುಟ್ಟಿನ ಕೆಳಗೆ, ಮೂಳೆ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ಅಲ್ಲಿ ಏಟು ಬಿದ್ದರೆ ಕುತ್ತಿಗೆ ತಿರುಚಿಕೊಳ್ಳುವ ತೊಂದರೆ ಬರಬಹುದು, ಸಾಯಲೂಬಹುದು. ಒಂದು ತುಂಡು ಸರಪಳಿ, ಎರಡು ಕೊಕ್ಕೆ ಹಾಕಿಸಿದರೆ ಮುಗಿಯಿತು. ತಯಾರಿಸಿದವರೇ ಹಾಕಿ ಕೊಡಬಹುದಿತ್ತು, ಅಲ್ವಾ? ಇದೇ ಕಾರಣಕ್ಕೆ ಸಿಲ್ಕಿಗಳನ್ನು ಜೋರು ಕೋಳಿಗಳ ಜೊತೆ ಇದರೊಳಗೆ ತುಂಬಬೇಡಿ, ಅವು ಕುಕ್ಕುವುದು ತಲೆಗೇ.

ಮರ ತೆಳು, ಸಂದುಗಳು ಜಾಸ್ತಿ. ನೋಡಲು ಚೆಂದ, ನುಸಿಗೆ ಅದಕ್ಕಿಂತ ಚೆಂದ. ಕೆಂಪು ನುಸಿ ಹಗಲೆಲ್ಲ ಸಂದಿನಲ್ಲಿ, ಚಾವಣಿಯ ಹಾಸಿನ ಕೆಳಗೆ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಕತ್ತಲಾದ ಮೇಲೆ ಬಿಳಿ ಟಿಶ್ಯೂವನ್ನು ಹಲಗೆಗಳ ಅಡಿಗೆ, ಸಂದುಗಳಿಗೆ ಒತ್ತಿ ಎಳೆಯಿರಿ, ಕೆಂಪು ಗೀರು ಬಂದರೆ ಇವೆ ಅಂತ ಅರ್ಥ. ಕೋಳಿಯ ಮೈಮೇಲೇ ಇರುವ ಹೇನು ಮತ್ತು ಇನ್ನೊಂದು ಜಾತಿಯ ನುಸಿ ಬೇರೆ. ಸಿಲ್ಕಿಯ ತುಪ್ಪಳದಲ್ಲಿ ಅವು ಸುಲಭಕ್ಕೆ ಕಾಣುವುದಿಲ್ಲ, ಬಾಲದ ಕೆಳಗೆ ಗರಿ ಬಿಡಿಸಿ ಚರ್ಮವನ್ನೇ ನೋಡಬೇಕು. ಅಂದ ಹಾಗೆ ಚರ್ಮ ಕಪ್ಪಾಗಿ ಕಂಡರೆ ಹೆದರಬೇಡಿ, ಸಿಲ್ಕಿಯ ಚರ್ಮ ಮತ್ತು ಮೂಳೆ ಕಪ್ಪೇ. ಔಷಧ ಯಾವುದು, ಆಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಪಶುವೈದ್ಯರನ್ನು ಕೇಳಿ. ಮಣ್ಣಿನಲ್ಲಿ ಹೊರಳಾಡಲು ಒಣ ಮಣ್ಣು ಮರಳು ತುಂಬಿದ ಅಗಲ ಟಬ್ ಒಂದು ಇಡಿ, ಗೂಡಿನಲ್ಲಿ ಅದಕ್ಕೂ ಜಾಗ ಬಿಟ್ಟಿಲ್ಲ.

ಟ್ರೇ ಪರವಾಗಿಲ್ಲ, ಎಳೆದರೆ ಬರುತ್ತದೆ, ಮರ ನೆನೆದು ಉಬ್ಬಿದಾಗ ಮಾತ್ರ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಕೊಟ್ಟಿದ್ದ ತೆರೆದ ನೀರಿನ ಬಟ್ಟಲು ಬೇಡವೇ ಬೇಡ. ಗಡ್ಡ, ಜುಟ್ಟು ಅದರಲ್ಲಿ ಅದ್ದಿ ದಿನವಿಡೀ ಮುಖ ಒದ್ದೆ. ಕುಕ್ಕಿದರೆ ಹನಿ ನೀರು ಬಿಡುವ ನಿಪ್ಪಲ್ ಇರುವ ನೀರಿನ ಡಬ್ಬ ಒಳ್ಳೆಯದು. ಕಣ್ಣಿನ ಸುತ್ತ ಗರಿ ಕತ್ತರಿಸಿದರೆ ಇನ್ನೂ ಒಳ್ಳೆಯದು. ಕಣ್ಣು ಕಾಣದ ಕೋಳಿ ಮೇಲಿಂದ ಕೈ ಬಂದರೆ ಗಾಬರಿಬೀಳುತ್ತದೆ, ಹತ್ತಿರ ಹೋಗುವಾಗ ಮಾತಾಡುತ್ತಾ ಹೋಗಿ.

ಜಾಲರಿ, ಚಿಲಕ ಎರಡೂ ಕಳಪೆ. ಆರು ಮೂಲೆಯ ಕಣ್ಣಿನ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ನಾಯಿ ಹರಿಯುತ್ತದೆ, ಇಲಿ ನುಸುಳುತ್ತದೆ. ನೆಲದಲ್ಲೇ ಮಲಗಿ, ಹಾರಿ ತಪ್ಪಿಸಿಕೊಳ್ಳಲಾಗದ ಕೋಳಿಗೆ ಇದು ಸಾಲದು. ಅರ್ಧ ಇಂಚು ಕಣ್ಣಿನ ವೆಲ್ಡ್ ಜಾಲರಿ ಬಿಗಿಸಿ, ಬುಡದಲ್ಲಿ ಹೊರಮುಖವಾಗಿ ಒಂದೆರಡು ಅಡಿ ನೆಲದ ಮೇಲೆ ಹಾಸಿ ಮಣ್ಣು ಮುಚ್ಚಿ. ತಿರುಗಿಸುವ ಮರದ ಚಿಲಕ ತೆಗೆದು ಕೊಕ್ಕೆ ಬೀಗ ಹಾಕಿ.

ಜೋಡಿಸುವಾಗ ಎರಡು ಹಲಗೆಗಳ ತೂತು ಹೊಂದಲಿಲ್ಲ, ಮಾರಿದವರಿಗೆ ಫೋಟೊ ಕಳಿಸಿದೆ, "ಮರ ಅಂದಮೇಲೆ ಹಾಗೇ" ಅನ್ನುವ ಉತ್ತರ ಬಂತು. ಡ್ರಿಲ್ ಇದ್ದವರಿಗೆ ಇದು ದೊಡ್ಡ ವಿಷಯ ಅಲ್ಲ, ಇಲ್ಲದವರು ಮೊದಲು ಒಂದು ಎರವಲು ತಂದಿಟ್ಟುಕೊಳ್ಳಿ.

ಹಾಗಾದರೆ ಕೊಳ್ಳಬೇಕಾ? ಬಡಗಿ ಕೆಲಸ ಒಂದಿಷ್ಟು ಬರುತ್ತದೆ, ಎರಡು ಮೂರು ಸಿಲ್ಕಿ ಸಾಕು, ಗೂಡು ಇಡಲು ಮೇಲೆ ಮಾಡು ಇರುವ ಜಾಗ ಮೊದಲೇ ಇದೆ ಅನ್ನುವವರು ಕೊಳ್ಳಿ. ಬಯಲಿನಲ್ಲಿ ಇಡುವವರು ಇದರ ದುಡ್ಡಿಗೆ ಮರದ ರೀಪು, ವೆಲ್ಡ್ ಜಾಲರಿ, ಶೀಟ್ ತಂದು ನೆಲಮಟ್ಟದ ಗೂಡನ್ನೇ ಕಟ್ಟಿಸಿ. ಇಷ್ಟೆಲ್ಲ ಆದಮೇಲೂ ಇದೇ ಬೇಕು ಅನ್ನುವವರು ಆರ್ಡರ್ ಮಾಡುವ ಮೊದಲು ಮಾರುವವರಿಂದ ಮೂರು ಅಳತೆ ಕೇಳಿ ತಿಳಿದುಕೊಳ್ಳಿ: ಮಲಗುವ ಕೋಣೆಯ ಒಳ ಅಳತೆ, ಏಣಿ ಹಲಗೆಯ ಉದ್ದ, ಜಾಲರಿಯ ಕಣ್ಣಿನ ಗಾತ್ರ. ಫೋಟೊದಲ್ಲಿ ಕಾಣುವ ಕೋಳಿಗಳನ್ನು ನಂಬಬೇಡಿ, ಎಷ್ಟೋ ಕಡೆ ಅವನ್ನು ಆಮೇಲೆ ಚಿಕ್ಕದಾಗಿ ಅಂಟಿಸಿರುತ್ತಾರೆ.