ಹದಿನಾಲ್ಕು ವರ್ಷದ ಮೇಲೆ ಗಾಲ್ಫ್‌ಗೆ ಮರಳಿದೆ, ಮೊದಲು ಅಂಗಡಿಗೆ ಹೋಗಿ ಕೆಟ್ಟೆ

ಎಡಗೈಯಲ್ಲಿ ಹಾಲಿನ ಪಾತ್ರೆ ಎತ್ತಿದರೆ ಮೊಣಕೈ ಹೊರಬದಿಯಲ್ಲಿ ಚುಳ್ ಅನ್ನುತ್ತದೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಹೆಂಡತಿಯನ್ನು ಕರೆಯಬೇಕು. ನಾಲ್ಕು ತಿಂಗಳಿಂದ ಇದೇ ಪಾಡು. ಮೂಳೆ ಡಾಕ್ಟರು ಒತ್ತಿ ನೋಡಿ 'ಟೆನಿಸ್ ಎಲ್ಬೋ' ಅಂದರು. "ಡಾಕ್ಟ್ರೇ, ನಾನು ಆಡೋದು ಗಾಲ್ಫು" ಅಂದೆ. "ಬಲಗೈ ಆಟದ ಗಾಲ್ಫಿನವರಿಗೆ ಎಡಗೈಲಿ ಜಾಸ್ತಿ ಇದೇ ಬರೋದು. ಹೆಸರು ಯಾವ ಆಟದ್ದಾದರೇನು, ನೋವು ನಿಮ್ಮದೇ ಅಲ್ವಾ" ಅಂತ ನಕ್ಕರು.

ಈ ನೋವನ್ನು ನಾನು ದುಡ್ಡು ಕೊಟ್ಟು ತಂದುಕೊಂಡೆ. ಹೆಚ್ಚುಕಡಿಮೆ 80,000 ರೂಪಾಯಿ. ಡಾಕ್ಟರ ಫೀಸು ಬೇರೆ. ಬಹಳ ವರ್ಷ ಬಿಟ್ಟು ಮತ್ತೆ ಗಾಲ್ಫ್ ಆಡಲು ಹೊರಟವರು ಯಾರಾದರೂ ಇದ್ದರೆ, ಕಾರ್ಡ್ ಉಜ್ಜುವ ಮೊದಲು ಇದನ್ನೊಮ್ಮೆ ಓದಿಬಿಡಿ.

1996ರಿಂದ 2009ರವರೆಗೆ ನಾನು ಮೈಸೂರಿನಲ್ಲಿ ಆಡುತ್ತಿದ್ದೆ. ರೇಸ್‌ಕೋರ್ಸ್ ಪಕ್ಕ, ಚಾಮುಂಡಿ ಬೆಟ್ಟ ಎದುರಿಗೇ ಕಾಣುವ ಕೋರ್ಸು. ದೊಡ್ಡ ಆಟಗಾರ ಏನಲ್ಲ, ಆದರೆ ಜೊತೆಗೆ ಆಡುವವರಿಗೆ ಬೇಜಾರಾಗದಷ್ಟು ಆಡುತ್ತಿದ್ದೆ. ಆಮೇಲೆ ವರ್ಗವಾಯಿತು, ಮಕ್ಕಳ ಓದು ಬಂತು, ಅಪ್ಪನ ಕಾಯಿಲೆ ಬಂತು. ಬ್ಯಾಗು ಲಾಫ್ಟ್ ಸೇರಿತು.

ಮತ್ತೆ ಆಸೆ ಹುಟ್ಟಿಸಿದ್ದು ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಹಿಳಾ ಗಾಲ್ಫಿನ ಕೊನೆಯ ದಿನದ ಆಟ ನೋಡಲು ಕತ್ತಲಿರುವಾಗಲೇ ಎದ್ದು ಟಿವಿ ಮುಂದೆ ಕೂತಿದ್ದೆವು. ಗಾಲ್ಫ್ ಅಂದರೆ ಮೂಗು ಮುರಿಯುವ ನನ್ನ ಹೆಂಡತಿಯೂ ಕಾಫಿ ಲೋಟ ಹಿಡಿದು ಕೂತಿದ್ದಳು. ಒಂದೇ ಒಂದು ಸ್ಟ್ರೋಕಿನಲ್ಲಿ ಕಂಚು ತಪ್ಪಿ ನಾಲ್ಕನೇ ಸ್ಥಾನ. ಜೊತೆಗೆ ಆಡುತ್ತಿದ್ದ ಅಮೆರಿಕದ ನೆಲ್ಲಿ ಕೋರ್ಡಾ ಟೀಯಿಂದ, ಅಂದರೆ ಮೊದಲ ಹೊಡೆತದ ಜಾಗದಿಂದ, ಎಷ್ಟೋ ಯಾರ್ಡ್ ಮುಂದೆ ಹೊಡೆಯುತ್ತಿದ್ದರೆ, ಈ ಹುಡುಗಿ ಹಿಂದಿನಿಂದ ಉದ್ದದ ಕ್ಲಬ್ (ಗಾಲ್ಫ್ ಕೋಲು) ತೆಗೆದು ಗುಳಿ ಸುತ್ತಲಿನ ನುಣುಪು ಹುಲ್ಲಿಗೆ, ಅಂದರೆ ಗ್ರೀನಿಗೆ ಮುಟ್ಟಿಸಿ, ಚೆಂಡು ಉರುಳಿಸುವ ಪಟರ್‌ನಲ್ಲಿ ಆಟ ಉಳಿಸಿಕೊಳ್ಳುತ್ತಿದ್ದಳು. ಅದನ್ನೆಲ್ಲ ಕಣ್ಣಾರೆ ನೋಡಿದವನು ನಾನು. ಎರಡು ವರ್ಷ ಬಿಟ್ಟು ಅಂಗಡಿಗೆ ಹೋದಾಗ ಕೇಳಿದ್ದೇನು ಗೊತ್ತಾ? "ದೂರ ಹೋಗೋದು ಯಾವುದಿದೆ?"

ಲಾಫ್ಟಿನಲ್ಲಿ ಗಣಪತಿ ಮಂಟಪದ ಹಿಂದೆ ಬ್ಯಾಗ್ ಸಿಕ್ಕಿತು. ಜಿಪ್ ಎಳೆದರೆ ಜಿರಳೆ ವಾಸನೆ. ಗ್ರಿಪ್‌ಗಳು, ಅಂದರೆ ಕೈಹಿಡಿಯ ರಬ್ಬರುಗಳು, ಹಾಳಾಗಿದ್ದವು. ಕೆಲವು ಗಾಜಿನ ಹಾಗೆ ಗಟ್ಟಿ, ಜಾರುತ್ತಿದ್ದವು. ಇನ್ನು ಕೆಲವು ಬೇಸಿಗೆಯ ಬೆಲ್ಲದ ಹಾಗೆ ಅಂಟಂಟು, ಹಿಡಿದರೆ ಅಂಗೈಗೆ ಕರಿ ಮೆತ್ತುತ್ತಿತ್ತು. ಐರನ್‌ಗಳ, ಅಂದರೆ ಚಪ್ಪಟೆ ಲೋಹದ ತಲೆಯ ಕ್ಲಬ್ಬುಗಳ, ತಲೆಯ ಮೇಲೆ ತೆಳುವಾಗಿ ತುಕ್ಕು. ಕೊಬ್ಬರಿ ಎಣ್ಣೆ ಬಟ್ಟೆಯಲ್ಲಿ ಉಜ್ಜಿದರೆ ಹೋಯಿತು. ಶಾಫ್ಟ್‌ಗಳು, ಅಂದರೆ ಕ್ಲಬ್ಬಿನ ಕೋಲುಗಳು, ನೆಟ್ಟಗಿದ್ದವು.

ನಾನು ಅಲ್ಲೇ ನಿಲ್ಲಬೇಕಿತ್ತು. ರಬ್ಬರ್ ವಯಸ್ಸಾದರೆ ಸಾಯುತ್ತದೆ, ಕಬ್ಬಿಣಕ್ಕೆ ಏನೂ ಆಗಿರುವುದಿಲ್ಲ. ಗ್ರಿಪ್ ಬದಲಿಸಲು ಕ್ಲಬ್ ಒಂದಕ್ಕೆ ಆರೇಳು ನೂರು. ಐದಾರು ಕ್ಲಬ್ಬಿಗೆ ಹಾಕಿಸಿದ್ದರೂ 4,000ದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಅಷ್ಟರಲ್ಲಿ ಎರಡು ತಿಂಗಳು ಆಡಿ, ಮೈ ಹೇಗಿದೆ ಅಂತ ನೋಡಬಹುದಿತ್ತು. ಆದರೆ ಹೊಸದಾಗಿ ಶುರು ಮಾಡುವವನಿಗೆ ಹೊಸ ಸಾಮಾನು ಬೇಡವೇ? ಮರಳಿನಿಂದ ಚೆಂಡು ಎತ್ತುವ ಸ್ಯಾಂಡ್ ವೆಡ್ಜ್ ಮತ್ತು ಪಟರ್ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕಾರಿಗೆ ಹಾಕಿಕೊಂಡು ಬೆಂಗಳೂರಿಗೆ ಹೊರಟೆ.

ಅಂಗಡಿಯ ಹೆಸರು ಬೇಡ. ಒಳಗೆ ಬಲೆ ಕಟ್ಟಿ, ಮುಂದೆ ದೊಡ್ಡ ಸ್ಕ್ರೀನ್ ಇಟ್ಟಿದ್ದರು. ಹುಡುಗ ಒಂದು ಏಳನೇ ಐರನ್ ಕೈಗೆ ಕೊಟ್ಟ. ಸೆಕೆಂಡ್ ಹ್ಯಾಂಡ್ ಸೆಟ್ಟು, ನೋಡಲು ಫಳಫಳ. ನಾಲ್ಕು ಚೆಂಡು ಹೊಡೆದೆ. ಸ್ಕ್ರೀನ್ ಮೇಲೆ 148 ಯಾರ್ಡ್ ಅಂತ ಬಂತು. ಮೂವತ್ತೈದರ ವಯಸ್ಸಿನಲ್ಲಿ ನನ್ನ ಏಳನೇ ಐರನ್ ಹೋಗುತ್ತಿದ್ದದ್ದು 140. ಐವತ್ತಮೂರಕ್ಕೆ ಎಂಟು ಯಾರ್ಡ್ ಜಾಸ್ತಿ! "ಟೆಕ್ನಾಲಜಿ ಸಾರ್" ಅಂದ ಹುಡುಗ. ನಾನು ಉಬ್ಬಿಹೋದೆ.

ಇದರ ಗುಟ್ಟು ಇನ್ನೊಂದು ಲಾಫ್ಟಿನಲ್ಲಿದೆ. ಕ್ಲಬ್ಬಿನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಅನ್ನುವ ಡಿಗ್ರಿಯನ್ನೂ ಲಾಫ್ಟ್ ಅಂತಲೇ ಕರೆಯುತ್ತಾರೆ. ಡಿಗ್ರಿ ಕಡಿಮೆಯಾದಷ್ಟೂ ಚೆಂಡು ತಗ್ಗಾಗಿ ಹಾರಿ ದೂರ ಹೋಗುತ್ತದೆ. ನನ್ನ ಹಳೇ ಏಳನೇ ಐರನ್ 36 ಡಿಗ್ರಿ. ಈ ಹೊಸದು 28. ನನ್ನ ಕಾಲದಲ್ಲಿ 28 ಡಿಗ್ರಿ ಅಂದರೆ ಐದನೇ ಐರನ್ನು. ಅಂದರೆ ಐದನ್ನೇ ಕೊಟ್ಟು ಅದರ ಮೇಲೆ ಏಳು ಅಂತ ಬರೆದಿದ್ದಾರೆ. ಪೂರ್ತಿ ಮೋಸ ಅಂತ ಹೇಳಲಾರೆ. ಈಗಿನ ಐರನ್‌ಗಳಲ್ಲಿ ತೂಕವನ್ನು ಕೆಳಗೆ ಇಡುತ್ತಾರೆ, ಹಾಗಾಗಿ ಕಡಿಮೆ ಲಾಫ್ಟಿನಲ್ಲೂ ಚೆಂಡು ಮೇಲೇಳುತ್ತದೆ. ಆದರೆ ಅದು ಏಳಬೇಕಾದರೆ ಹೊಡೆತಕ್ಕೆ ವೇಗ ಬೇಕು. ನನ್ನ ವೇಗ ಎಷ್ಟು ಅಂತ ಅದೇ ಸ್ಕ್ರೀನ್ ಮೇಲೆ ಬಂದಿತ್ತು. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ನಲ್ಲಿ ಗಂಟೆಗೆ 84 ಮೈಲಿ.

ಸೆಟ್ಟಿಗಿದ್ದದ್ದು ಸ್ಟಿಫ್ ಶಾಫ್ಟು, ಅಂದರೆ ಸುಲಭಕ್ಕೆ ಬಾಗದ್ದು, ಸ್ಟೀಲು, ಒಂದೊಂದೂ 120 ಗ್ರಾಂ ಮೇಲೆ. ಸಾಮಾನ್ಯವಾಗಿ ಸ್ಟಿಫ್ ಹೇಳುವುದು 95 ಮೈಲಿ ದಾಟಿದವರಿಗೆ. 84 ಅಂದರೆ ಅದಕ್ಕಿಂತ ಬಾಗುವ ರೆಗ್ಯುಲರ್‌ಗೂ ಕೆಳಗಿನ ಅಂಚು. ಹುಡುಗ ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ ನಾನೇ ಅವನಿಗೆ ಅವಕಾಶ ಕೊಡಲಿಲ್ಲ. "ನಾನು ಯಾವಾಗಲೂ ಸ್ಟಿಫ್ಫೇ ಆಡಿದ್ದು" ಅಂತ ಜಂಬ ಕೊಚ್ಚಿದೆ. "ಪ್ರಾಕ್ಟೀಸ್ ಆದ್ರೆ ಸ್ಪೀಡ್ ಬರತ್ತೆ ಸಾರ್" ಅಂದ. ಹಳೇ ಐರನ್‌ಗಳಿಗೆ 3,000 ಹಿಡಿದುಕೊಂಡು, 55,000ದ ಸೆಟ್ಟನ್ನು 52,000ಕ್ಕೆ ಕೊಟ್ಟ. ಇನ್ನೊಂದು ವಿಷಯ: ಸ್ಟಿಫ್, ರೆಗ್ಯುಲರ್ ಅನ್ನುವುದಕ್ಕೆ ಎಲ್ಲ ಕಂಪನಿಗೂ ಒಂದೇ ಅಳತೆ ಅಂತ ಇಲ್ಲ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್ ಇರಬಹುದು. ಅಕ್ಷರ ನೋಡಿ ಕೊಳ್ಳುವುದೂ ಒಂದೇ, ಕಣ್ಣು ಮುಚ್ಚಿ ಕೊಳ್ಳುವುದೂ ಒಂದೇ.

ಡ್ರೈವರ್ ಕಥೆಗೆ ಬರೋಣ. ವಾಟ್ಸಾಪಿನಲ್ಲಿ ಯಾರೋ ಒಂದು ನಂಬರ್ ಕಳಿಸಿದ್ದರು. "ದುಬೈಯಿಂದ ಅಣ್ಣ ತಂದದ್ದು, ಸೀಲ್ ಒಡೆದಿಲ್ಲ, ಒಂದೇ ಪೀಸ್." ಅಂಗಡಿಯಲ್ಲಿ ಅರ್ಧ ಲಕ್ಷದ ಮಾಲು, ಇಲ್ಲಿ 14,000. ಮಾಲ್ ಒಂದರ ಪಾರ್ಕಿಂಗಿನಲ್ಲಿ ನಿಂತು ನಗದು ಕೊಟ್ಟು ತಂದೆ. ವಿವೇಕ ಅನ್ನುವುದು ಆ ದಿನ ರಜೆ ಹಾಕಿತ್ತು.

ಮೊದಲ ಹೊಡೆತಕ್ಕೇ ಡಾಲ್ಡಾ ಡಬ್ಬ ಬಡಿದ ಸದ್ದು. ಲಾಫ್ಟ್ ಬದಲಿಸಲು ಜೊತೆಗೆ ಒಂದು ಕೀ ಬರುತ್ತದೆ, ಸರಿಯಾಗಿ ಬಿಗಿಯಾದಾಗ ಅದು 'ಟಕ್' ಅನ್ನಬೇಕು. ಇದು ತಿರುಗಿಸಿದಷ್ಟೂ ತಿರುಗುತ್ತಿತ್ತು. ಹೆಸರಿನ ಅಕ್ಷರಗಳಿಗೆ ತುಂಬಿದ ಬಣ್ಣ ಗೆರೆ ದಾಟಿ ಹರಿದಿತ್ತು. ಶಾಫ್ಟ್ ತಲೆಗೆ ಸೇರುವ ಕತ್ತಿನ ಮೇಲೆ ಸೀರಿಯಲ್ ನಂಬರ್ ಕೆತ್ತಿರಬೇಕಿತ್ತು. ಇಲ್ಲಿ ಸ್ಟಿಕ್ಕರ್, ಉಗುರಿನಲ್ಲಿ ಕೆರೆದರೆ ಎದ್ದು ಬಂತು. ಆಗ ಮಗ ಫ್ರಿಜ್ ಮೇಲಿದ್ದ ಹಂಪಿ ಕಲ್ಲಿನ ರಥದ ಮ್ಯಾಗ್ನೆಟ್ ತಂದು ಡ್ರೈವರ್ ಮುಖಕ್ಕೆ ಹಿಡಿದ. ಕಚ್ಚಿಕೊಂಡು ಕೂತಿತು. ಮೇಲೆ ಬರೆದಿದ್ದದ್ದು ಟೈಟಾನಿಯಂ. ಟೈಟಾನಿಯಂಗೆ ಮ್ಯಾಗ್ನೆಟ್ ಅಂಟುವುದಿಲ್ಲ. ಮುಖಕ್ಕೇ ಹಿಡಿದು ನೋಡಿ, ಹಿಂಬದಿಯ ತೂಕದ ಸ್ಕ್ರೂ ಉಕ್ಕಿನದಾಗಿದ್ದರೆ ಅಸಲಿಗೂ ಅಂಟೀತು. ಅಂಟಲಿಲ್ಲ ಅಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. ಕಂಪನಿಗೆ ಫೋಟೋ ಕಳಿಸಿದೆ. ನಮ್ಮದಲ್ಲ ಅಂತ ಉತ್ತರ ಬಂತು. ದುಬೈ ಅಣ್ಣನ ತಮ್ಮನ ಫೋನು ಅಷ್ಟು ಹೊತ್ತಿಗೆ ಸ್ವಿಚ್ ಆಫ್.

ಈ ಸರಂಜಾಮು ಹೊತ್ತು ಮೊದಲ ಸಲ ಕೋರ್ಸಿಗೆ ಹೋದ ದಿನ, ಆಗೆಲ್ಲ ನನ್ನ ಬ್ಯಾಗ್ ಹೊರುತ್ತಿದ್ದ ಹಳೇ ಕ್ಯಾಡಿ ಸಿಕ್ಕ. ತಲೆ ಪೂರ್ತಿ ಬೆಳ್ಳಗಾಗಿದೆ. ಗುರುತು ಹಿಡಿದು "ಸಾರ್, ಇಷ್ಟ್ ದಿವ್ಸ ಎಲ್ಲೋಗಿದ್ರಿ?" ಅಂದ. ಎರಡನೇ ಹೋಲಿನಲ್ಲಿ ಏಳನೇ ಐರನ್ ಕೇಳಿದೆ. ಚೆಂಡು ನೆಲಕ್ಕೆ ಹತ್ತಿರವಾಗಿ ಹಾರಿ, ಗ್ರೀನ್ ಮೇಲೆ ಬಿದ್ದು, ನಿಲ್ಲದೆ ಹಿಂದಿನ ಹುಲ್ಲಿಗೆ ಓಡಿಹೋಯಿತು. ಮತ್ತೊಂದು ಹೋಲಿನಲ್ಲೂ ಅದೇ ಕಥೆ. ಕ್ಯಾಡಿ ಕ್ಲಬ್ ಇಸಕೊಂಡು ಒಂದು ಕಣ್ಣು ಮುಚ್ಚಿ ಅದರ ಮುಖ ನೋಡಿದ. "ಏಳು ಅಂತ ಬರ್ದವ್ರೆ ಸಾರ್. ಇದು ಐದು." ಸ್ಕ್ರೀನಿಲ್ಲ, ಕಂಪ್ಯೂಟರಿಲ್ಲ. ಮೂರು ಸೆಕೆಂಡು.

ನಾಲ್ಕನೇ ಹೋಲಿನಲ್ಲಿ ಹಳೇ ಶೂ ಬಾಯಿ ಬಿಟ್ಟಿತು. ಮೇಲೆ ಚರ್ಮ ಹೊಸದರ ಹಾಗಿತ್ತು, ಒಳಗಿನ ಫೋಮು ಮಾತ್ರ ಇಟ್ಟಲ್ಲೇ ಪುಡಿಯಾಗಿತ್ತು. ಮೊದಲು ಎಡಗಾಲಿನ ಅಟ್ಟೆ, ಆಮೇಲೆ ಬಲಗಾಲಿನದು. ಒಳ್ಳೇ ರೊಟ್ಟಿ ಎದ್ದು ಬಂದ ಹಾಗೆ ಬಂತು. ಕ್ಯಾಡಿ ಯಾರ ಬ್ಯಾಗಿನಿಂದಲೋ ಪ್ಲಾಸ್ಟರ್ ತಂದು ಸುತ್ತಿದ. ಹತ್ತು ವರ್ಷ ಸುಮ್ನೆ ಇಟ್ಟ ಶೂ ಹಾಕಿಕೊಂಡು ನೇರ ಆಟಕ್ಕೆ ಇಳಿಯಬೇಡಿ. ಮನೆ ಮುಂದೆ ಒಂದು ಗಂಟೆ ಓಡಾಡಿ ನೋಡಿ. ಕಬ್ಬಿಣದ ಮೊಳೆ ಇರುವ ಶೂಗಳನ್ನು ಈಗ ಬಹಳ ಗಾಲ್ಫ್ ಕೋರ್ಸುಗಳಲ್ಲಿ ಬಿಡುವುದೂ ಇಲ್ಲ. ಹೊಸ ಶೂಗೆ 9,000. ದುಬಾರಿ ಚೆಂಡು ಒಂದು ಡಜನ್‌ಗೆ 4,800, ಅದರಲ್ಲಿ ಏಳು ಮೊದಲ ದಿನವೇ ಪೊದೆ, ನೀರು ಸೇರಿದವು. ಒಂದೊಂದೂ ನಾನೂರು ರೂಪಾಯಿ. ಮಸಾಲೆ ದೋಸೆಯ ಲೆಕ್ಕದಲ್ಲಿ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಹೆಚ್ಚು ಕಾಡಿದ್ದು ಗ್ರೀನ್ ಹತ್ತಿರದ ಆಟ. ಹೊಸ ಸೆಟ್ಟಿನಲ್ಲಿ ಹತ್ತಿರದ ಹೊಡೆತಕ್ಕಿರುವ ಪಿಚಿಂಗ್ ವೆಡ್ಜ್ 43 ಡಿಗ್ರಿ. ನಾನು ಉಳಿಸಿಕೊಂಡಿದ್ದ ಸ್ಯಾಂಡ್ ವೆಡ್ಜ್ 56. ನಡುವೆ 13 ಡಿಗ್ರಿ ಖಾಲಿ. ಒಂದು 110 ಯಾರ್ಡ್ ಹೋಗುತ್ತದೆ, ಇನ್ನೊಂದು 75. ಮಧ್ಯ ತೊಂಬತ್ತು ಉಳಿದರೆ ಕೈಯಲ್ಲಿ ಕ್ಲಬ್ಬೇ ಇಲ್ಲ. ನಮ್ಮಂಥವರ ಎರಡನೇ ಹೊಡೆತ ಬೀಳುವುದು ಸರಿಯಾಗಿ ಅಲ್ಲೇ ಅಲ್ವಾ! ಅಂಗಡಿಗೆ ಫೋನ್ ಮಾಡಿದರೆ, "ಅದಕ್ಕೇ ಗ್ಯಾಪ್ ವೆಡ್ಜ್ ಇರೋದು ಸಾರ್, ಸಪರೇಟಾಗಿ ತಗೋಬೇಕು." ಮೊದಲೇ ಹೇಳಬಹುದಿತ್ತಲ್ಲ ಮಾರಾಯ. ಯಾವುದೇ ಸೆಟ್ ಕೊಳ್ಳುವಾಗ ಈ ಒಂದು ಪ್ರಶ್ನೆ ಕೇಳಿ: ಪಿಚಿಂಗ್ ವೆಡ್ಜ್ ಎಷ್ಟು ಡಿಗ್ರಿ? ಉತ್ತರ ಗೊತ್ತಿಲ್ಲದವರ ಹತ್ತಿರ ಕೊಳ್ಳಬೇಡಿ.

ಇಷ್ಟಾದ ಮೇಲೂ ತಪ್ಪು ನನ್ನ ಸ್ವಿಂಗಿನದೇ ಅಂದುಕೊಂಡೆ. ಚೆಂಡು ಬಲಕ್ಕೆ ಹೋಗುತ್ತಿತ್ತು. ಶಾಫ್ಟ್ ಬಾಗುತ್ತಿಲ್ಲ, ಅದಕ್ಕೆ ಇನ್ನೂ ಜೋರಾಗಿ ಹೊಡೆದೆ. ದಿನಾ ಬೆಳಗ್ಗೆ ಪ್ರಾಕ್ಟೀಸ್ ಮಾಡುವ ರೇಂಜಿಗೆ ಹೋಗಿ ನೂರು ಚೆಂಡು, ಮ್ಯಾಟ್ ಮೇಲೆ. ಹುಲ್ಲಿನ ಮೇಲೆ ಚೆಂಡಿನ ಹಿಂದೆ ನೆಲಕ್ಕೆ ಹೊಡೆದರೆ ಕ್ಲಬ್ ಮಣ್ಣಿನಲ್ಲಿ ಹೂತು, ತಪ್ಪು ಅಲ್ಲೇ ಗೊತ್ತಾಗುತ್ತದೆ. ಮ್ಯಾಟ್ ಮೇಲೆ ಕ್ಲಬ್ ಜಾರಿ ಚೆಂಡಿಗೆ ತಗಲುತ್ತದೆ, ಹೊಡೆತ ಚೆನ್ನಾಗಿ ಬಿತ್ತು ಅನ್ನಿಸುತ್ತದೆ. ಅಡಿಯಲ್ಲಿ ಕಾಂಕ್ರೀಟು. ಆ ಪೆಟ್ಟೆಲ್ಲ ಗಟ್ಟಿ ಸ್ಟೀಲಿನಲ್ಲಿ ಏರಿ ಮೊಣಕೈಗೆ ಬರುತ್ತದೆ. ಮೂರನೇ ವಾರ ಬೆಳಗ್ಗೆ ಹಲ್ಲುಜ್ಜುವ ಪೇಸ್ಟ್ ಹಿಂಡಲು ಆಗಲಿಲ್ಲ.

ಆರು ವಾರ ವಿಶ್ರಾಂತಿ, ಒಂದು ಕೆಜಿ ಡಂಬೆಲ್ ಹಿಡಿದು ಮಣಿಕಟ್ಟನ್ನು ನಿಧಾನಕ್ಕೆ ಇಳಿಸುವ ವ್ಯಾಯಾಮ. ಆಮೇಲೆ ಕ್ಯಾಡಿ ಹೇಳಿದ ಒಬ್ಬ ಕೋಚ್ ಹತ್ತಿರ ಹೋದೆ. ಅವರು ಏನನ್ನೂ ಮಾರುವುದಿಲ್ಲ. ಒಂದೂವರೆ ಗಂಟೆಗೆ 4,000 ತೆಗೆದುಕೊಂಡರು. ಅಂಗೈ ಅಳೆದರು, ನಿಂತಾಗ ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ಇಂಚು ಅಂತ ಅಳೆದರು. ಚೆಂಡಿನ ಮೇಲೆ ವೈಟ್‌ಬೋರ್ಡ್ ಪೆನ್ನಿನಲ್ಲಿ ಒಂದು ನೇರ ಗೆರೆ ಎಳೆದು, ಗೆರೆ ಕ್ಲಬ್ ಕಡೆ ನೆಟ್ಟಗೆ ನಿಲ್ಲುವ ಹಾಗೆ ಇಟ್ಟು, "ಹೊಡೀರಿ" ಅಂದರು. ಕ್ಲಬ್ ಮುಖದ ಮೇಲೆ ಆ ಗೆರೆಯ ಅಚ್ಚು ಮೂಡಿತ್ತು, ಸೊಟ್ಟಗೆ. ಅಂದರೆ ಹೊಡೆಯುವಾಗ ಕ್ಲಬ್ ನೆಲದ ಮೇಲೆ ಸಮನಾಗಿ ಕೂರುತ್ತಿಲ್ಲ, ಒಂದು ತುದಿ ಎದ್ದಿದೆ. ಐದು ಪೈಸೆ ಖರ್ಚಿಲ್ಲದ ಪರೀಕ್ಷೆ. 55,000 ಬೆಲೆ ಹೇಳುವ ಮೊದಲು ಅಂಗಡಿಯವರು ಇದನ್ನು ಮಾಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಅವರು ಹೇಳಿದ್ದು ಇಷ್ಟು. ಹಗುರವಾದ ಗ್ರಾಫೈಟ್ ಶಾಫ್ಟು. ಸ್ವಲ್ಪ ದಪ್ಪ ಗ್ರಿಪ್ಪು, ಬಿಗಿಯಾಗಿ ಹಿಡಿಯುವ ಚಟ ತಪ್ಪಲು. ಉದ್ದದ ಐರನ್ ಬದಲು, ಹೊಡೆಯಲು ಅದಕ್ಕಿಂತ ಸುಲಭವಾದ ಒಂದು ಹೈಬ್ರಿಡ್ ಕ್ಲಬ್. ಮತ್ತೆ, ಈಗಲೇ ಏನನ್ನೂ ಕೊಳ್ಳಬೇಡಿ, ಮೊದಲ ತಿಂಗಳು ಬಾಡಿಗೆಗೋ ಗೆಳೆಯರ ಹತ್ತಿರವೋ ಇಸಕೊಂಡು ಆಡಿ. ಬ್ಯಾಗಿನಲ್ಲಿ ಹೆಚ್ಚೆಂದರೆ 14 ಕ್ಲಬ್ ಇರಬಹುದು ಅನ್ನುತ್ತದೆ ನಿಯಮ. ಹದಿನಾಲ್ಕೂ ಇರಲೇಬೇಕು ಅಂತ ಎಲ್ಲೂ ಹೇಳಿಲ್ಲ.

ಈಗ ನನ್ನ ಬ್ಯಾಗಿನಲ್ಲಿರುವುದು ಏಳು. ಐದು ಬೇರೆಯವರದು, ಎರಡು ನನ್ನವು. ಹುಲ್ಲಿನ ಮೇಲೆ ನಲವತ್ತು ಚೆಂಡು, ವಾರಕ್ಕೆ ಒಂಬತ್ತು ಹೋಲ್, ಅಷ್ಟೇ. ಸ್ಟಿಫ್ ಸೆಟ್ಟನ್ನು ಮಾರಲು ಹೋದ ವಾರ ಅದೇ ಅಂಗಡಿಗೆ ಹೋಗಿದ್ದೆ. 52,000ದ ಸೆಟ್ಟಿಗೆ 28,000 ಅಂದರು. ವಾಪಸ್ ಬರುವಾಗ ಮೂಲೆಯ ಸ್ಟ್ಯಾಂಡಿನಲ್ಲಿ ನನ್ನ ಹಳೇ ಐರನ್‌ಗಳು ಕಂಡವು. ಹೊಸ ಗ್ರಿಪ್ ಹಾಕಿದ್ದಾರೆ. ಚೀಟಿಯಲ್ಲಿ 12,000. ಏಳನೇದನ್ನು ಎತ್ತಿ ಹಿಡಿದು ನೋಡಿದೆ. ಅದೊಂದನ್ನೇ ಕೊಡ್ತೀರಾ ಅಂತ ಕೇಳಿದೆ. ಸೆಟ್ ಒಡೆಯೋದಿಲ್ಲ ಸಾರ್ ಅಂದ ಹುಡುಗ.